ಒಂದೇ ಕಣ್ಣಿನ ದೀಪಕ್ಕೆ ಹನ್ನೊಂದು ದಿನ

ಇಂದಿನ ಸಭೆಯ ಅಧ್ಯಕ್ಷರೂ ನಮ್ಮ ಮುಖ್ಯ ಎಂಜಿನಿಯರರೂ ಆದ ಮೇಡಂ ಅವರೇ, ವೇದಿಕೆಯ ಮೇಲಿರುವ ಮುಖ್ಯ ಅತಿಥಿಗಳೇ, ಮುಖ್ಯರಲ್ಲದಿದ್ದರೂ ಮುಂದಿನ ಸಾಲು ಬಿಡದ ಉಳಿದ ಅತಿಥಿಗಳೇ, ಸಿಗ್ನಲ್ ವಿಭಾಗದ ಸಹೋದ್ಯೋಗಿಗಳೇ, ಅವರು ಬಲವಂತದಿಂದ ಕರೆತಂದಿರುವ ಮನೆಯವರೇ, ಕಾಫಿ ಎಲ್ಲಿಗೆ ಬಂತೆಂದು ಬಾಗಿಲ ಕಡೆಗೇ ಕಣ್ಣು ನೆಟ್ಟಿರುವ ಸಮಸ್ತ ಸಭಿಕರೇ,

ಈ ನಗರದ ಚರಿತ್ರೆಯಲ್ಲಿ ಚಿನ್ನದ ಅಕ್ಷರಗಳಿಂದ ಬರೆದಿಡಬೇಕಾದ ಒಂದು ಸಂಗತಿಯನ್ನು ತಮ್ಮ ಸಮ್ಮುಖದಲ್ಲಿ ಘೋಷಿಸಲು ನನಗೆ ಹೆಮ್ಮೆಯಾಗುತ್ತಿದೆ. ನಮ್ಮ ಕಚೇರಿಯ ಎರಡನೆಯ ಮಹಡಿಯಲ್ಲಿ, ಟೈಪಿಸ್ಟ್ ಅಕ್ಕನವರ ಮೇಜಿನ ನೆತ್ತಿಯ ಮೇಲೆ ಇರುವ ಎಲ್‌ಇಡಿ ದೀಪವು, ಏಳು ವರ್ಷಗಳ ತರುವಾಯ, ಇದೇ ತಿಂಗಳ ಒಂಬತ್ತನೆಯ ತಾರೀಖು ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ, ನಡುಗುವುದನ್ನು ನಿಲ್ಲಿಸಿತು.

ಚಪ್ಪಾಳೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಬರಲೂ ಇಲ್ಲ. ಪರವಾಗಿಲ್ಲ.

ಆ ದೀಪ ನಡುಗುತ್ತಿತ್ತೆಂಬುದೇ ನಿಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಎಲ್‌ಇಡಿ ದೀಪದ ಹೊಟ್ಟೆಯಲ್ಲಿ ಕರೆಂಟನ್ನು ಹದ ಮಾಡಿ ಕೊಡುವ ಒಂದು ಪುಟ್ಟ ಡಬ್ಬಿ ಇರುತ್ತದೆ. ಅದು ಕಳಪೆಯಾದರೆ ದೀಪ ಸೆಕೆಂಡಿಗೆ ನೂರು ಸಲ ಹತ್ತಿ ಆರುತ್ತದೆ. ನೂರರಲ್ಲಿ ತೊಂಬತ್ತೈದು ಜನರ ಕಣ್ಣಿಗೆ ಅದು ಹತ್ತಿದಂತೆಯೇ ಇರುತ್ತದೆ. ಟೈಪಿಸ್ಟ್ ಅಕ್ಕ ಉಳಿದ ಐವರಲ್ಲಿ ಒಬ್ಬರು. ಪ್ರತಿದಿನ ಮಧ್ಯಾಹ್ನ ಮೂರಕ್ಕೆ ಅವರಿಗೆ ತಲೆನೋವು. ದೀಪ ನಡುಗುತ್ತಿದೆ ಎಂದು ಅವರು ಹೇಳಿದಾಗಲೆಲ್ಲ ನಾವು ಐದಾರು ಮಂದಿ ಸಾಲಾಗಿ ನಿಂತು, ಕುತ್ತಿಗೆ ಎತ್ತಿ, ದೀಪವನ್ನು ನೋಡಿ, ನಮಗೇನೂ ಕಾಣುವುದಿಲ್ಲವಲ್ಲ ಎಂದು ತೀರ್ಪು ಕೊಟ್ಟು ಬರುತ್ತಿದ್ದೆವು. ಬೇಸತ್ತ ಆ ತಾಯಿ ಒಂದು ದಿನ ಮೇಜಿನ ಮೇಲೆ ಕೊಡೆ ಬಿಡಿಸಿಕೊಂಡು ಕೂತರು. ಕಚೇರಿ ಏನು ಮಾಡಿತು? ಕಚೇರಿಯ ಒಳಗೆ ಕೊಡೆ ಬಿಡಿಸತಕ್ಕದ್ದಲ್ಲ ಎಂದು ಸುತ್ತೋಲೆ ಹೊರಡಿಸಿತು. ಅದನ್ನು ಟೈಪು ಮಾಡಿದವರು ಯಾರು? ಅವರೇ. ಕೊಡೆಯ ಕೆಳಗೆ ಕೂತೇ ಟೈಪು ಮಾಡಿದರು.

ಇರಲಿ. ಏಳು ವರ್ಷ ಕಾಣದ ನಡುಕ ಒಂಬತ್ತನೆಯ ತಾರೀಖು ನನಗೆ ಹೇಗೆ ಕಂಡಿತು ಎಂಬುದೇ ಈ ಭಾಷಣದ ವಿಷಯ. ಅದನ್ನು ಹೇಳಬೇಕಾದರೆ ನನ್ನ ಅಣ್ಣನ ವಿಷಯ ಹೇಳಬೇಕು. ಅಣ್ಣನ ವಿಷಯಕ್ಕೆ ಮುಂಚೆ ಈ ಫಲಕದ ವಿಷಯ ಹೇಳಬೇಕು.

ಈಗ ತಾನೇ ಮೇಡಂ ಅವರು ನನ್ನ ಕೈಗಿತ್ತ ಈ ಫಲಕದ ಮೇಲೆ ಒಂದು ದೀಪದ ಚಿತ್ರ ಕೊರೆದಿದ್ದಾರೆ. ನಾವು ಪ್ರೀತಿಯಿಂದ ಒಂದೇ ಕಣ್ಣಿನ ದೀಪ ಎಂದು ಕರೆಯುವ ಹೊಸ ಸಿಗ್ನಲ್ ಇದು. ಹಳೆಯ ಸಿಗ್ನಲ್ಲಿಗೆ ಮೂರು ಕಣ್ಣು: ಮೇಲೆ ಕೆಂಪು, ನಡುವೆ ಹಳದಿ, ಕೆಳಗೆ ಹಸಿರು. ಯಾವ ಹೊತ್ತಿನಲ್ಲಿ ನೋಡಿದರೂ ಒಂದು ಕಣ್ಣು ಕೆಲಸ ಮಾಡುತ್ತಿರುತ್ತದೆ, ಎರಡು ಸುಮ್ಮನೆ ನಿಂತಿರುತ್ತವೆ. ಸರ್ಕಾರಿ ಕಚೇರಿಯಲ್ಲಿ ಬೆಳೆದವನಾದ ನನಗೆ ಇದರಲ್ಲಿ ವಿಶೇಷವೇನೂ ಕಾಣಬಾರದಿತ್ತು. ಆದರೆ ಎರಡು ವರ್ಷದ ಹಿಂದೆ ನನ್ನ ಪರೀಕ್ಷಾ ಮೇಜಿನ ಮುಂದೆ ಕೂತಾಗ ಒಂದು ಯೋಚನೆ ಹೊಳೆಯಿತು. ಎಲ್‌ಇಡಿಯಲ್ಲಿ ಒಂದೇ ಚುಕ್ಕೆ ಮೂರು ಬಣ್ಣ ತೋರಿಸಬಲ್ಲದು. ಹಾಗಿದ್ದಮೇಲೆ ಮೂರು ಕಣ್ಣು ಏಕೆ? ಒಂದೇ ದುಂಡನೆಯ ಮುಖ, ಅದರಲ್ಲಿ ನೂರ ತೊಂಬತ್ತೆರಡು ಚುಕ್ಕೆ, ಸರದಿಯಂತೆ ಕೆಂಪು, ಹಸಿರು, ಹಳದಿ. ಹಗುರ, ಚೆಲುವು, ಏಣಿ ಹತ್ತುವವರಿಗೆ ಒಂದೇ ಒಂದು ಮುಖ ಒರೆಸುವ ಕೆಲಸ.

ಪರೀಕ್ಷೆಗಳನ್ನು ಮಾಡಿದೆವು. ನಡುಹಗಲ ಬಿಸಿಲಿನಲ್ಲಿ ಮಾಡಿದೆವು, ಮಳೆಯಲ್ಲಿ ಮಾಡಿದೆವು, ಗಾಜಿಗೆ ಬೇಕೆಂದೇ ಧೂಳು ಬಳಿದು ಮಾಡಿದೆವು. ನಮ್ಮ ವಿಭಾಗದ ಹದಿನಾಲ್ಕು ಮಂದಿ ನೂರು ಹೆಜ್ಜೆ ದೂರದಲ್ಲಿ ನಿಂತು ಬಣ್ಣ ಹೇಳಿದರು. ಹದಿನಾಲ್ಕಕ್ಕೆ ಹದಿನಾಲ್ಕೂ ಸರಿ. ಬೇಕರಿ ವೃತ್ತದಲ್ಲಿ ಒಂದನ್ನು ಪ್ರಯೋಗಕ್ಕೆಂದು ನೆಟ್ಟೆವು. ಈ ಸೋಮವಾರ ಬೆಳಿಗ್ಗೆ ಎಂಟಕ್ಕೆ ಏಣಿ ಲಾರಿ ಹೊರಟರೆ, ಇನ್ನೂ ನಲವತ್ತು ವೃತ್ತಗಳಲ್ಲಿ ಮೂರು ಕಣ್ಣು ಇಳಿದು ಒಂದು ಕಣ್ಣು ಏರುತ್ತದೆ.

ಸಭಿಕರೇ, ಆ ಲಾರಿ ಸೋಮವಾರ ಹೊರಡಬಾರದು. ಅದನ್ನು ಕೇಳಿಕೊಳ್ಳಲಿಕ್ಕೇ ನಾನು ಈ ಮೈಕಿನ ಮುಂದೆ ನಿಂತಿದ್ದೇನೆ.

ಈಗ ಕಾಫಿಯನ್ನು ನೋಡುತ್ತಿದ್ದವರೂ ನನ್ನನ್ನು ನೋಡುತ್ತಿದ್ದಾರೆ. ಸಂತೋಷ.

ನನ್ನ ಅಣ್ಣ ಬೇಕರಿಯ ವ್ಯಾನ್ ಓಡಿಸುತ್ತಾನೆ. ಮೂವತ್ತೊಂದು ವರ್ಷದಿಂದ, ಈ ತಿಂಗಳ ಎಂಟರವರೆಗೆ ಒಂದು ಗೀರೂ ಇಲ್ಲದೆ. ಇವತ್ತು ಕೊನೆಯ ಸಾಲಿನಲ್ಲಿ ಅತ್ತಿಗೆಯ ಪಕ್ಕ ಕೂತಿದ್ದಾನೆ. ಅವನ ಅಪ್ಪಣೆ ಪಡೆದೇ ಮಾತಾಡುತ್ತಿದ್ದೇನೆ. "ಎಲ್ಲಾ ಹೇಳು, ಆದ್ರೆ ಉದ್ದ ಎಳೀಬೇಡ" ಎಂದಿದ್ದಾನೆ. ಅರ್ಧ ಮಾತನ್ನಾದರೂ ಉಳಿಸಿಕೊಳ್ಳುತ್ತೇನೆ.

ಚಿಕ್ಕಂದಿನಲ್ಲಿ ನನ್ನ ಪಾಲಿಗೆ ಅಣ್ಣನೆಂದರೆ ಬರೀ ದರ್ಪ. ಮಾರುಕಟ್ಟೆಗೆ ಟೊಮೇಟೊ ತರಲು ಕಳಿಸಿದರೆ ಒಬ್ಬನೇ ಹೋಗುವವನಲ್ಲ. ಚೀಲ ಹಿಡಿಯಲು ನಾನು ಬೇಕು. ಅಲ್ಲಿ ಹೋಗಿ ಕೈ ಕಟ್ಟಿ ನಿಂತು, ಹಣ್ಣಾಗಿರುವುದನ್ನು ನೀನೇ ಆರಿಸು ಎನ್ನುತ್ತಿದ್ದ. ಶಾಲೆಯಲ್ಲಿ ಚಿತ್ರದ ತರಗತಿಗೆ ದೊಡ್ಡವರು ಚಿಕ್ಕವರೆಲ್ಲ ಒಟ್ಟಿಗೇ ಕೂರುತ್ತಿದ್ದೆವು. ಬಣ್ಣದ ಪೆನ್ಸಿಲ್ ಡಬ್ಬಿ ಅವನ ಮುಂದೆಯೇ ಇರುತ್ತಿತ್ತು, ಆದರೂ ಕೆಂಪು ಕೊಡು, ಹಸಿರು ಕೊಡು ಎಂದು ನನಗೆ ಆಜ್ಞೆ. ಸೋಮಾರಿ ಎಂದುಕೊಂಡಿದ್ದೆ. ದೊಡ್ಡವನೆಂಬ ಜಂಬ ಎಂದುಕೊಂಡಿದ್ದೆ. ಒಂದು ಸಲ ನನಗೆ ಜ್ವರ ಬಂದು ಶಾಲೆಗೆ ಹೋಗದ ದಿನ ಅವನು ಚಿತ್ರದ ತರಗತಿಯಲ್ಲಿ ಒಂದು ಮರ ಬರೆದ. ಹಸಿರು ಕಾಂಡ, ಕಂದು ಎಲೆ. ಮೇಷ್ಟ್ರು ಅದನ್ನು ಗೋಡೆಗೆ ಅಂಟಿಸಿದರು, ಹೊಗಳಲಿಕ್ಕಲ್ಲ. ಅವತ್ತು ಸಂಜೆ ಅಣ್ಣ ನನ್ನ ಹಾಸಿಗೆಯ ಅಂಚಿಗೆ ಕೂತು, ನನಗೆ ಅವೆರಡೂ ಒಂದೇ ಥರ ಕಾಣ್ತವೆ ಕಣೋ ಎಂದ. ನಾನೇನು ಮಾಡಿದೆ? ನಕ್ಕೆ. ಜ್ವರ ಇಳಿದ ಮೇಲೆ ಬೀದಿಯ ಮನೆಮನೆಗೂ ಹೋಗಿ ಹೇಳಿ ನಕ್ಕೆ. ಅವನು ಮತ್ತೆಂದೂ ಆ ಮಾತೆತ್ತಲಿಲ್ಲ. ನಾನು ಮರೆತೂಬಿಟ್ಟೆ. ಮರೆತು, ಬೆಳೆದು, ಬಣ್ಣದ ದೀಪಗಳ ವಿಭಾಗ ಸೇರಿ, ಬಡ್ತಿ ಮೇಲೆ ಬಡ್ತಿ ಪಡೆದೆ.

ಇದಿಷ್ಟನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂತು. ಇರಲಿ.

ಎಂಟನೆಯ ತಾರೀಖು ಬೆಳಿಗ್ಗೆ ಐದೂವರೆಗೆ ಅಣ್ಣನ ವ್ಯಾನು ಬೇಕರಿ ವೃತ್ತದಲ್ಲಿ, ನನ್ನ ಒಂದೇ ಕಣ್ಣಿನ ದೀಪದ ಕೆಳಗೆ ನಿಂತಿತ್ತು. ದೀಪ ನೆಟ್ಟಾಗಿನಿಂದ ಅವನೊಂದು ಉಪಾಯ ಕಂಡುಕೊಂಡಿದ್ದ. ಪಕ್ಕದ ಗಾಡಿ ಹೊರಟರೆ ತಾನೂ ಹೊರಡುವುದು. ಅವತ್ತು ಪಕ್ಕದಲ್ಲಿ ಗಾಡಿಯೇ ಇರಲಿಲ್ಲ. ಕಾದ, ಕಾದ. ದೀಪ ಬದಲಾದ ಹಾಗೆ ಅನ್ನಿಸಿತು. ಹೊರಟ. ಅಡ್ಡದಿಂದ ಸೈಕಲ್ಲಿನಲ್ಲಿ ಬರುತ್ತಿದ್ದವರು ಈಜು ಕಲಿಸುವ ಮೇಷ್ಟ್ರು. ಅಣ್ಣ ಬ್ರೇಕು ತುಳಿದ, ಮೇಷ್ಟ್ರು ಹಾರಿದರು, ಸೈಕಲ್ಲಿನ ಮುಂಚಕ್ರ ಎಂಟರ ಆಕಾರಕ್ಕೆ ಬಂತು. ಅವರ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಒಂದು ಮೊಳ ಈಚೆ ಆಗಿದ್ದರೆ ಏನಾಗುತ್ತಿತ್ತೆಂದು ನನಗೆ ಹೇಳಬೇಡಿ. ಹದಿನಾರು ದಿನದಿಂದ ನಾನೇ ನನಗೆ ಹೇಳಿಕೊಳ್ಳುತ್ತಿದ್ದೇನೆ.

ಏಳು ಗಂಟೆಗೆ ಅಣ್ಣ ನನ್ನ ಮನೆಗೆ ಬಂದ. ನಾನು ಇಲಾಖೆಯ ಗತ್ತಿನಲ್ಲಿ ವಿಚಾರಣೆಗೆ ಕೂತೆ.

"ನಿದ್ದೆ ಮಾಡ್ತಿದ್ದೆಯಾ?"

"ಇಲ್ಲ."

"ಕುಡಿದಿದ್ದೆಯಾ?"

"ಬೆಳಿಗ್ಗೆ ಐದೂವರೆಗೆ ಯಾವನೋ ಕುಡೀತಾನೆ."

"ಮತ್ತೆ? ಅಷ್ಟು ದೊಡ್ಡ ಕೆಂಪು ದೀಪ ಕಾಣಲಿಲ್ಲವಾ ನಿನಗೆ?"

ಅವನು ಕಾಫಿ ಲೋಟವನ್ನೇ ನೋಡುತ್ತ ಕೇಳಿದ. "ದೀಪ ಕಾಣ್ತು. ಅದು ಕೆಂಪಾ?"

ನನಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. "ಮೇಲಿನದು ಉರಿದ್ರೆ ನಿಲ್ಲು, ಕೆಳಗಿನದು ಉರಿದ್ರೆ ಹೋಗು. ಮೂವತ್ತೊಂದು ವರ್ಷ ನನಗೆ ಅಷ್ಟೇ ಗೊತ್ತಿರೋದು. ನೀನು ಮೇಲೂ ಕೆಳಗೂ ಎರಡನ್ನೂ ತೆಗೆದುಬಿಟ್ಟೆ."

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ನಲ್ಲ. ಚಿಕ್ಕವರಿದ್ದಾಗ."

ಸಭಿಕರೇ, ನಮ್ಮ ಹದಿನಾಲ್ಕು ಮಂದಿ ಪರೀಕ್ಷಕರು ಯಾರೆಂದು ಈಗ ಯೋಚಿಸಿ. ಎಲ್ಲರೂ ಇಲಾಖೆಯವರು. ನಮ್ಮ ಇಲಾಖೆಗೆ ಸೇರುವಾಗ ಚುಕ್ಕೆಗಳ ಪುಸ್ತಕ ತೋರಿಸುತ್ತಾರೆ, ಬಣ್ಣದ ಚುಕ್ಕೆಗಳ ನಡುವೆ ಅಡಗಿರುವ ಅಂಕಿ ಓದಬೇಕು. ಓದಲಾರದವರನ್ನು ಬಾಗಿಲಿನಿಂದಲೇ ಕೈಮುಗಿದು ಕಳಿಸುತ್ತೇವೆ. ಹೀಗೆ ಬಣ್ಣ ಕಾಣದವರನ್ನೆಲ್ಲ ಜರಡಿ ಹಿಡಿದು ಹೊರಗಿಟ್ಟು, ಉಳಿದವರನ್ನು ಸಾಲಾಗಿ ನಿಲ್ಲಿಸಿ, ಎಲ್ಲರಿಗೂ ಕಾಣುತ್ತದೆಯೇ ಎಂದು ಗಂಭೀರವಾಗಿ ಕೇಳುತ್ತೇವೆ. ಎಲ್ಲರಿಗೂ ಕಾಣುತ್ತದೆ. ಇಷ್ಟು ಅಚ್ಚುಕಟ್ಟಾದ ಪೆದ್ದತನವನ್ನು ಬೇರೆ ಯಾವ ಇಲಾಖೆಯೂ ಮಾಡಲಾರದು. ಇದು ನಮಗೇ ಮೀಸಲು. ಸಾಲದ್ದಕ್ಕೆ ಹಳೆಯ ಸಿಗ್ನಲ್ಲಿನ ಹಸಿರಿನಲ್ಲಿ ಸ್ವಲ್ಪ ನೀಲಿ ಬೆರೆತಿರುತ್ತದೆ. ಅಣ್ಣನಂಥವರಿಗೆಂದೇ ನಮ್ಮ ಹಿಂದಿನವರು ಯೋಚಿಸಿ ಇಟ್ಟ ನೀಲಿ ಅದು. ಕಣ್ಣಿಗೆ ತಂಪಾಗಿರಲೆಂದು ನಾನು ಅದನ್ನೂ ತೆಗೆದು ಅಪ್ಪಟ ಎಲೆ ಹಸಿರು ಹಾಕಿದ್ದೆ.

ಮಾರನೆಯ ದಿನ ಕಚೇರಿಗೆ ಬಂದೆ. ಎರಡನೆಯ ಮಹಡಿ ಹತ್ತಿದರೆ ಕೊಡೆ. ಅಷ್ಟು ವರ್ಷ ನೋಡಿದ್ದ ಕೊಡೆಯೇ. ಅವತ್ತು ನೋಡಲಾಗಲಿಲ್ಲ. ಮೇಜಿನ ಮೇಲಿದ್ದ ಪೆನ್ಸಿಲ್ಲನ್ನು ದೀಪದ ಕೆಳಗೆ ಬೀಸಿದೆ. ಒಂದು ಪೆನ್ಸಿಲ್ ಹತ್ತು ಪೆನ್ಸಿಲ್ಲಾಗಿ ಬೀಸಣಿಗೆಯಂತೆ ಕಂಡಿತು. ನಡುಗದ ದೀಪದಲ್ಲಿ ಹಾಗೆ ಕಾಣುವುದಿಲ್ಲ. ಏಳು ವರ್ಷದಿಂದ ಯಾರಾದರೂ ಮಾಡಬಹುದಾಗಿದ್ದ ಪರೀಕ್ಷೆ. ಡಬ್ಬಿ ಬದಲಿಸಿದೆ, ದೀಪವನ್ನು ನೆತ್ತಿಯಿಂದ ಎಡಗಡೆಗೆ ಸರಿಸಿದೆ, ಮೇಲೆ ಮಂಜುಗಾಜಿನ ಮುಚ್ಚಳ ಹಾಕಿದೆ. ಒಟ್ಟು ಮೂವತ್ತೈದು ನಿಮಿಷದ ಕೆಲಸ. ಟೈಪಿಸ್ಟ್ ಅಕ್ಕ ಕೊಡೆ ಮಡಚಿ ಹೇಳಿದರು: "ಇಷ್ಟೂ ವರ್ಷ ನನಗೆ ಮಾತ್ರೆ ತಗೊಳ್ಳಿ ಅಂದ್ರಿ. ದೀಪಕ್ಕೆ ಏನಾದ್ರೂ ಕೊಡೋಣ ಅಂತ ಒಬ್ಬರಿಗೂ ಹೊಳೀಲಿಲ್ಲ ನೋಡಿ."

ಆಮೇಲೆ ನಾನು ನೇರವಾಗಿ ಮೇಡಂ ಅವರ ಕೋಣೆಗೆ ಹೋಗಿ, ಒಂದೇ ಕಣ್ಣಿನ ದೀಪವನ್ನು ನಿಲ್ಲಿಸಿ ಎಂದೆ ಎಂದು ನೀವು ಭಾವಿಸಿದ್ದರೆ, ನಿಮಗೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯವಿದೆ. ಹೋಗಲಿಲ್ಲ. ಕೋಣೆಯ ಬಾಗಿಲ ತನಕ ಮೂರು ಸಲ ಹೋದೆ. ಒಳಗೆ ಈ ಫಲಕದ ಅಳತೆಯ ಬಗ್ಗೆ ಮಾತು ನಡೆಯುತ್ತಿತ್ತು.

ಬದಲಿಗೆ ಏನು ಮಾಡಿದೆ ಗೊತ್ತೇ? ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಬೇಕರಿ ವೃತ್ತಕ್ಕೆ ಹೋಗಿ, ನನ್ನ ದೀಪದ ಕೆಳಗೆ ನಿಂತು, ಅಣ್ಣನ ವ್ಯಾನು ಬಂದಾಗ ನಿಲ್ಲು, ಹೋಗು ಎಂದು ಕೈ ತೋರಿಸಿದೆ. ಮೂರು ಕೆಲಸವನ್ನು ಒಂದೇ ಮುಖದಲ್ಲಿ ಮಾಡುವ ದೀಪ, ಅದರ ಕೆಳಗೆ ಅದಕ್ಕೊಬ್ಬ ಕೈಬೀಸುವ ಮನುಷ್ಯ. ಸ್ವಾಗತ ಭಾಷಣದಲ್ಲಿ ಕಾರ್ಯದರ್ಶಿಗಳು, ಇವರು ಪ್ರತಿದಿನ ನಸುಕಿನಲ್ಲೆದ್ದು ತಮ್ಮ ದೀಪವನ್ನು ಕಣ್ತುಂಬ ನೋಡಿ ಬರುತ್ತಾರೆ, ಎಂಥ ಶ್ರದ್ಧೆ ಎಂದು ಹೊಗಳಿದರಲ್ಲ, ಆ ಶ್ರದ್ಧೆಯ ಕಥೆ ಇದು. ನೀವು ಅದಕ್ಕೆ ಚಪ್ಪಾಳೆ ತಟ್ಟಿದಿರಿ. ನಾನೂ ತಲೆಬಾಗಿದೆ.

ಒಂದು ದಿನ ಅತ್ತಿಗೆ ವ್ಯಾನಿನಲ್ಲಿ ಜೊತೆಗೆ ಬಂದಿದ್ದರು. ಗಾಜು ಇಳಿಸಿ, ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿದರು. "ಏನು ಮೈದುನಾ, ದೀಪ ಮಾಡೋಕೆ ಎರಡು ವರ್ಷ ತಗೊಂಡೆ. ದೀಪ ನೋಡೋರನ್ನ ಕೇಳೋಕೆ ಎರಡು ನಿಮಿಷ ಸಿಗಲಿಲ್ಲವಾ? ಇವರ ಅಂಗಿ ಪ್ಯಾಂಟು ನಾನು ಮದುವೆ ಆದಾಗಿಂದ ಜೋಡಿಸಿ ಇಡ್ತಿದೀನಿ. ನನಗೆ ಗೊತ್ತಿರೋದು ಇಲಾಖೆಗೆ ಗೊತ್ತಿಲ್ಲ ನೋಡು."

ಅದನ್ನೂ ಸಹಿಸಿಕೊಂಡೆ. ಸಹಿಸಲಾಗದ್ದು ಮೊನ್ನೆ ಗುರುವಾರ ಬಂತು. ಅಣ್ಣನ ಹಿಂದೆ ದಿನಾ ಒಂದು ಹಾಲಿನ ಗಾಡಿ ನಿಲ್ಲುತ್ತದೆ. ಅದರ ಚಾಲಕ ದೀಪವನ್ನು ನೋಡುವುದಿಲ್ಲ, ನನ್ನ ಕೈಯನ್ನೇ ನೋಡುತ್ತಾನೆ ಎಂಬುದು ನನ್ನ ಗಮನಕ್ಕೆ ಬಂದಿತ್ತು. ಗುರುವಾರ ಆತ ಗಾಡಿ ನಿಧಾನಿಸಿ, ತಲೆ ಹೊರಹಾಕಿ ಕೇಳಿದ. "ಸರ್, ಸೋಮವಾರದಿಂದ ಇದನ್ನ ನಲವತ್ತು ಕಡೆ ಹಾಕ್ತಾರಂತೆ. ನೀವು ಎಲ್ಲಾ ಕಡೆ ನಿಲ್ತೀರಾ?"

ವ್ಯಂಗ್ಯವಲ್ಲ. ನಿಜವಾಗಿ ಕೇಳಿದ. ಅವನಿಗೆ ತಿಳಿಯಬೇಕಾಗಿತ್ತು.

ಗುರುವಾರ ಮಧ್ಯಾಹ್ನವೇ ಉಳಿದ ಕೆಲಸಗಳಿಗೆಲ್ಲ ರಜೆ ಹಾಕಿದೆ. ಪರೀಕ್ಷಾ ಮೇಜಿನ ಮುಂದೆ ಕೂತೆ. ಮೇಲು ಕೆಳಗನ್ನು ಕಳೆದಾಗಿದೆ, ಇರುವ ಒಂದೇ ಮುಖದಲ್ಲಿ ಅದನ್ನು ಮರಳಿ ತರುವುದು ಹೇಗೆ? ನೂರ ತೊಂಬತ್ತೆರಡು ಚುಕ್ಕೆಯೂ ಒಟ್ಟಿಗೆ ಉರಿಯಲೇಬೇಕೆಂದು ಯಾರು ಹೇಳಿದರು? ನಾನೇ ಹೇಳಿದ್ದೆ. ಇನ್ನು ಹೇಳುವುದಿಲ್ಲ. ಕೆಂಪು ಬಂದಾಗ ಚುಕ್ಕೆಗಳು ದಪ್ಪನೆಯ ಅಡ್ಡಗೆರೆಯಾಗಿ ಉರಿಯಲಿ. ಹಸಿರು ಬಂದಾಗ ನೆಟ್ಟಗೆ ನಿಂತ ಗೆರೆಯಾಗಲಿ. ಹಳದಿ ದುಂಡಗಿರಲಿ. ಅಡ್ಡ ಇದ್ದರೆ ನಿಲ್ಲು, ನೆಟ್ಟಗಿದ್ದರೆ ಹೋಗು. ಹಸಿರಿಗೆ ಆ ಹಳೆಯ ನೀಲಿಯನ್ನೂ ಮರಳಿ ಬೆರೆಸಿದೆ. ಗೆರೆ ಸಣ್ಣಗಾದರೆ ದೂರದಿಂದ ಅಡ್ಡವೂ ನೆಟ್ಟಗಿನದೂ ಒಂದೇ ಮುದ್ದೆಯಾಗಿ ಕಾಣುತ್ತದೆ. ದಪ್ಪವನ್ನು ಮೂರು ಸಲ ಬದಲಿಸಿದೆ, ಪ್ರತಿಸಲವೂ ಬೆಳಕನ್ನು ಅದಕ್ಕೆ ತಕ್ಕಂತೆ ಏರಿಸಿದೆ.

ನಿನ್ನೆ ಮಧ್ಯಾಹ್ನ ನಮ್ಮ ಗೋದಾಮಿನ ಅಂಗಳದಲ್ಲಿ ಪರೀಕ್ಷೆ. ದೀಪ ಒಂದು ತುದಿಗೆ, ಅಣ್ಣನ ವ್ಯಾನು ನೂರು ಹೆಜ್ಜೆ ದೂರ. ನಿಲ್ಲುವುದಾದರೆ ಒಂದು ಹಾರ್ನ್, ಹೋಗುವುದಾದರೆ ಎರಡು. ಮೊದಲು ಈ ಫಲಕದ ಮೇಲಿರುವ ದೀಪವನ್ನೇ ತೋರಿಸಿದೆ. ಇಪ್ಪತ್ತಕ್ಕೆ ಹನ್ನೊಂದು ಸರಿ. ಕಣ್ಣು ಮುಚ್ಚಿ ಹಾರ್ನ್ ಒತ್ತಿದ್ದರೂ ಅಷ್ಟೇ ಬರುತ್ತಿತ್ತು. ಆಮೇಲೆ ಗೆರೆಗಳ ದೀಪ. ಮೂವತ್ತಕ್ಕೆ ಇಪ್ಪತ್ತೊಂಬತ್ತು ಸರಿ. ಮೂವತ್ತನೆಯದಕ್ಕೆ ಮೂರು ಹಾರ್ನ್ ಬಂತು. ಓಡಿಹೋಗಿ ಏನಾಯಿತೆಂದು ಕೇಳಿದರೆ, "ಮೂರು ಅಂದ್ರೆ ಸಾಕು ಅಂತ. ಇನ್ನೂ ಎಷ್ಟು ಸಲ ಕೇಳ್ತೀಯ, ಕಾಣ್ತಿದೆ ಅಂದ್ನಲ್ಲ" ಎಂದ.

ಅವನ ಬಾಯಿಂದ ಆ ಮಾತು ಕೇಳಲು ನನಗೆ ನಲವತ್ತೈದು ವರ್ಷ ಬೇಕಾಯಿತು.

ಅಧ್ಯಕ್ಷರೇ, ಇನ್ನು ಪೀಠಿಕೆ ಸಾಕು. ತಮ್ಮ ಮೇಜಿನ ಮೇಲಿರುವ ಹೂಗುಚ್ಛದ ಕೆಳಗೆ ಒಂದು ಪತ್ರವಿದೆ. ನಾನೇ ಇಟ್ಟೆ. ತಾವು ಒಂಬತ್ತು ನಿಮಿಷದಿಂದ ಅದನ್ನು ಓದುತ್ತಿದ್ದೀರಿ, ನಾನೂ ಒಂಬತ್ತು ನಿಮಿಷದಿಂದ ತಮ್ಮ ಹುಬ್ಬನ್ನು ಓದುತ್ತಿದ್ದೇನೆ. ನಲವತ್ತು ದೀಪಗಳನ್ನು ಎಸೆಯಬೇಕಿಲ್ಲ. ಒಳಗಿನ ಹಲಗೆಯಲ್ಲಿ ಚುಕ್ಕೆಗಳ ಜೋಡಣೆ ಬದಲಿಸಿದರೆ ಸಾಕು. ನನ್ನ ಮೇಜಿನಲ್ಲಿ ದಿನಕ್ಕೆ ನಾಲ್ಕು ಆಗುತ್ತವೆ, ಹತ್ತು ದಿನ. ರಸ್ತೆಯಲ್ಲಿ ನೋಡಲು ಒಂದು ದಿನ. ಒಟ್ಟು ಹನ್ನೊಂದು. ಅಲ್ಲಿಯವರೆಗೆ ಲಾರಿ ಹೊರಡಬಾರದು, ಬೇಕರಿ ವೃತ್ತದ ದೀಪ ಇವತ್ತೇ ಇಳಿದು ಹಳೆಯ ಮೂರು ಕಣ್ಣು ಅಲ್ಲಿಗೆ ಮರಳಬೇಕು. ಇನ್ನು ಮುಂದೆ ಯಾವ ದೀಪವನ್ನು ಪರೀಕ್ಷೆ ಮಾಡಿದರೂ, ರಸ್ತೆಯದಾಗಲಿ ಕಚೇರಿಯದಾಗಲಿ, ನಮ್ಮ ಚುಕ್ಕೆಗಳ ಪುಸ್ತಕದಲ್ಲಿ ನಪಾಸಾದವರನ್ನೂ, ಬೆಳಕಿಗೆ ತಲೆನೋವು ಬರುವವರನ್ನೂ ಮೊದಲು ಕರೆದು ಕೇಳಬೇಕು. ತಾವು ಒಪ್ಪದಿದ್ದರೆ ಈ ಫಲಕವನ್ನು ಇಲ್ಲಿಯೇ ಬಿಟ್ಟು, ಸೋಮವಾರ ಏಳೂಮುಕ್ಕಾಲಿಗೆ ಲಾರಿಯ ಮುಂದೆ ಬಂದು ನಿಲ್ಲುತ್ತೇನೆ. ಕೈಬೀಸುವ ಅಭ್ಯಾಸ ನನಗೆ ಚೆನ್ನಾಗಿಯೇ ಆಗಿದೆ.

ಒಂದು ನಿಮಿಷ. ಮೇಡಂ ಅವರು ಪೆನ್ನಿನ ಮುಚ್ಚಳ ತೆಗೆದಿದ್ದಾರೆ. ಬರೆಯುತ್ತಿದ್ದಾರೆ. ಪತ್ರ ನನ್ನ ಕಡೆಗೆ ಬರುತ್ತಿದೆ. ಮೈಕಿನಲ್ಲಿಯೇ ಓದುತ್ತೇನೆ, ಆಮೇಲೆ ಯಾರೂ ಇಲ್ಲವೆನ್ನಬಾರದು.

"ಹನ್ನೊಂದು ದಿನ ಆಗುವುದಿಲ್ಲ, ಉಳಿದದ್ದೆಲ್ಲ ಆಗಬಹುದು. ಇನ್ನೊಂದು ಮೇಜು ಕೊಡುತ್ತೇನೆ, ಆರು ದಿನ. ಏಳನೆಯ ದಿನ ಬೆಳಿಗ್ಗೆ ಐದೂವರೆಗೆ ನಿಮ್ಮ ಅಣ್ಣನ ಪಕ್ಕದಲ್ಲಿ ಕೂತು ನಾನೇ ನೋಡುತ್ತೇನೆ."

ಕೆಳಗೆ ಸಹಿ ಇದೆ. ತಾರೀಖೂ ಇದೆ.

ಇದಕ್ಕೆ ಬೇಕಾದರೆ ಚಪ್ಪಾಳೆ ತಟ್ಟಿ.

ಇನ್ನು ಬೇಗ ಮುಗಿಸುತ್ತೇನೆ. ಹುಬ್ಬು ಗಂಟಿಕ್ಕಿಕೊಂಡೇ ಒಳ್ಳೆಯದನ್ನು ಮಾಡುವ ಮೇಡಂ ಅವರಿಗೆ, ಕೊಡೆಯನ್ನು ಇವತ್ತು ಮನೆಯಲ್ಲಿಯೇ ಬಿಟ್ಟು ಬಂದಿರುವ ಟೈಪಿಸ್ಟ್ ಅಕ್ಕನವರಿಗೆ, ಸೈಕಲ್ಲಿನ ಚಕ್ರ ಬದಲಿಸಿದ ಮೇಲೂ ಅಣ್ಣನ ಜೊತೆ ಮಾತು ಬಿಡದ ಈಜು ಮೇಷ್ಟ್ರಿಗೆ, ಹೆಸರೂ ಹೇಳದೆ ಹಾಲು ಹಂಚಲು ಹೋದ ಆ ಚಾಲಕರಿಗೆ, ಅತ್ತಿಗೆಗೆ, ನಿಮಗೆ, ಎಲ್ಲರಿಗೂ ನನ್ನ ಮನಸ್ಸು ತುಂಬಿದ ವಂದನೆ. ಅಣ್ಣನಿಗೂ ಹೇಳುತ್ತಿದ್ದೆ. ಆದರೆ ನಾನು ಮರದ ಚಿತ್ರದ ವಿಷಯ ಹೇಳುವಾಗ ಅವನು ಕೊನೆಯ ಸಾಲಿನಿಂದ ಎದ್ದು ಹೊರಗೆ ಹೋದದ್ದು ಕಂಡಿತು. ಹೇಳಬಾರದ್ದನ್ನು ಹೇಳಿದೆನೇನೋ ಎಂದು ಅಲ್ಲಿಂದ ಇಲ್ಲಿಯವರೆಗೆ ಒಳಗೊಳಗೇ ಅಳುಕುತ್ತಲೇ ಮಾತಾಡಿದ್ದೇನೆ.

ಬೇಸರದಿಂದ ಹೋದದ್ದಲ್ಲವಂತೆ. ಅತ್ತಿಗೆ ಈಗ ತಾನೇ ಅವನ ಚೀಟಿ ಕಳಿಸಿದ್ದಾರೆ. ಸಂಜೆಯ ಬ್ರೆಡ್ಡು ಐದು ಗಂಟೆಗೆ ಅಂಗಡಿಗಳಿಗೆ ಮುಟ್ಟಬೇಕು, ಅದಕ್ಕೇ ಎದ್ದು ಹೋದದ್ದು.

ಎಲ್ಲರಿಗೂ ನಮಸ್ಕಾರ. ಏಳುವ ಮುಂಚೆ ಒಂದು ಸಣ್ಣ ಉಪಕಾರ ಮಾಡಿ. ಗೇಟಿನ ಹತ್ತಿರ ಅಣ್ಣನ ವ್ಯಾನಿಗೆ ಯಾರದೋ ಕಾರು ಅಡ್ಡ ನಿಂತಿದೆಯಂತೆ. ಯಾವ ಬಣ್ಣದ್ದು ಎಂದು ನನ್ನನ್ನು ಕೇಳಬೇಡಿ, ಚೀಟಿಯಲ್ಲಿ ಬರೆದಿಲ್ಲ. ನಂಬರಿನ ಕೊನೆಯ ನಾಲ್ಕು ಅಂಕಿ ಏಳು, ಎರಡು, ಎರಡು, ಐದು. ದಯವಿಟ್ಟು ಸ್ವಲ್ಪ ಹಿಂದಕ್ಕೆ ತೆಗೆಯಿರಿ.